ಧಾಪುಬಾಯಿ ಉಜ್ಜಿದ ನೆಲ

ಧಾಪುಬಾಯಿಯ ಹೆಸರು ಅಂಗೂರಿಯ ಕಿವಿಗೆ ಮೊದಲು ಬಿದ್ದದ್ದು ಹಾಥರಸ್ಸಿನ ಸೇಠಾಣಿಯ ಕಾಲುಚೀಲ ನೆಲಕ್ಕೆ ಅಂಟಿಕೊಂಡ ದಿನ.

ವೃಂದಾವನದ ನೀಮ್‌ವಾಲೀ ಕುಂಜ ದೊಡ್ಡ ಮಂದಿರವೇನಲ್ಲ. ಒಂದು ಬೇವಿನ ಮರ, ಅದರ ಕೆಳಗೆ ಅಮೃತಶಿಲೆ ಹಾಸಿದ ಅಂಗಳ, ಒಳಗೆ ದೇವರು, ಅಲ್ಲಿಯವರ ಬಾಯಲ್ಲಿ ಠಾಕೂರ್‌ಜಿ. ಹಿಮ್ಮಡಿ ಒಡೆದಿದೆ ಅಂತ ಸೇಠಾಣಿ ಕಾಲುಚೀಲದಲ್ಲೇ ಅಂಗಳಕ್ಕೆ ಇಳಿದಳು. ಸ್ವಲ್ಪ ದೂರ ಹೋದಳೋ ಇಲ್ಲವೋ, ಕಾಲು ಮುಂದೆ ಬಂತು, ಚೀಲ ಹಿಂದೆ ಉಳಿಯಿತು. ಸತ್ತ ಇಲಿಯನ್ನು ಎತ್ತುವ ಹಾಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನು ಮಂದಿರವೋ ಆಲೆಮನೆಯೋ?" ಅಂದಳು.

ಮುನೀಮ ಚೋಖೇಲಾಲ ಕೈ ಹೊಸೆಯುತ್ತಾ ಓಡಿಬಂದ. ಕುಂಜದ ಲೆಕ್ಕಪತ್ರ, ದಾನಿಗಳ ಉಪಚಾರ ಎಲ್ಲ ಅವನದೇ. "ಹಳೇ ಕಲ್ಲು ಮಾತಾಜಿ, ಸತ್ತುಹೋಗಿದೆ. ತಮ್ಮಂಥವರು ಮನಸ್ಸು ಮಾಡಿದ್ರೆ ಎಲ್ಲಾ ಕಿತ್ತು ಹೊಸದು ಹಾಸ್ತೀವಿ. ಮೊದಲನೇ ಕಲ್ಲಿನ ಮೇಲೆ ನಿಮ್ಮ ಮಾವನವರ ಹೆಸರು."

"ಕಲ್ಲು ಸತ್ತಿದೆಯೋ, ಒರೆಸೋಳು ಸತ್ತಿದ್ದಾಳೋ?"

ಒರೆಸುವ ಅಂಗೂರಿ ಕಂಬದ ಪಕ್ಕದಲ್ಲೇ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಆ ಬೈಗುಳ ಅವಳಿಗೆ ತಾಗಲಿಲ್ಲ. ಎಲ್ಲಾ ಕಿತ್ತು ಅಂದನಲ್ಲ ಮುನೀಮ, ಅದು ತಾಗಿತು.

ಆ ಅಂಗಳದ ಒಂದೊಂದು ಕಲ್ಲಿನ ಮೇಲೂ ಒಬ್ಬೊಬ್ಬ ಸತ್ತವರ ಹೆಸರು. ಅಲ್ಲಿಯ ಪದ್ಧತಿಯೇ ಹಾಗೆ. ಮಂದಿರಕ್ಕೆ ಕಲ್ಲು ಕೊಟ್ಟು ತಮ್ಮವರ ಹೆಸರು ಕೆತ್ತಿಸುತ್ತಾರೆ; ಭಕ್ತರ ಪಾದದ ಧೂಳು ಹೆಸರಿನ ಮೇಲೆ ಬಿದ್ದರೆ ಸತ್ತವರಿಗೆ ಸದ್ಗತಿ. ತುಳಸಿ ಕಟ್ಟೆಯ ಮಗ್ಗುಲಿನ ಕಲ್ಲು ಅಂಗೂರಿಯ ಗಂಡ ತೋತಾರಾಮನದು. ಅವನು ಕೇಸಿ ಘಾಟಿನಲ್ಲಿ ದೋಣಿ ನಡೆಸುತ್ತಿದ್ದ. ಯಮುನೆಗೆ ಪ್ರವಾಹ ಬಂದ ವರ್ಷ ಯಾರದೋ ಎಮ್ಮೆ ಬಿಡಿಸಲು ಹೋದವನ ಹೆಣ ಕೂಡ ಸಿಗಲಿಲ್ಲ. ಸುಡುವುದಕ್ಕೆ ಮೈ ಇಲ್ಲ, ಬಿಡುವುದಕ್ಕೆ ಬೂದಿ ಇಲ್ಲ. ಅಂಗೂರಿ ಕಾಲಿನ ಬೆಳ್ಳಿ ಕಡಗ ಬಿಚ್ಚಿ ಕೊಟ್ಟು ಆ ಕಲ್ಲು ಹಾಕಿಸಿದ್ದಳು. ಈ ಭೂಮಿಯ ಮೇಲೆ ಅವನು ಅಂತ ಇದ್ದದ್ದು ಅಲ್ಲಿ ಮಾತ್ರ.

ಆದರೆ ನೆಲದ ಸ್ಥಿತಿ ಹೇಳಬಾರದು. ಅಭಿಷೇಕದ ಹಾಲು, ದೀಪದ ಜಿಡ್ಡು, ಬೆಣ್ಣೆ ಸಕ್ಕರೆ, ಕೊಳೆತ ಚೆಂಡುಹೂವು, ಪಾರಿವಾಳದ ಹಿಕ್ಕೆ, ಕೋತಿ ಹೇಲು, ಹೋಳಿಯ ಬಣ್ಣ, ಇದೆಲ್ಲದರ ಮೇಲೆ ಊರೂರಿನ ಬರಿಗಾಲು. ಅಂಗೂರಿ ದಿನಾ ಒರೆಸುತ್ತಿದ್ದಳು. ಒರೆಸಿದ್ದು ಹೋಗುತ್ತಿರಲಿಲ್ಲ, ಸಮನಾಗಿ ಹರಡುತ್ತಿತ್ತು ಅಷ್ಟೆ. ಹಬ್ಬ ಬಂತು ಅಂದರೆ ಮುನೀಮ ಕಕ್ಕಸು ತೊಳೆಯುವ ತೇಜಾಬು ಸುರಿಸುತ್ತಿದ್ದ. ನೆಲ ಬುರುಬುರು ನೊರೆ ಕಕ್ಕಿ ಹಬ್ಬದ ಮಟ್ಟಿಗೆ ಬೆಳ್ಳಗಾಗುತ್ತಿತ್ತು. ಆಮೇಲೆ ಸಿಡುಬು ಬಂದ ಮುಖದ ಹಾಗೆ ತೂತು ತೂತಾಗಿ, ಇನ್ನಷ್ಟು ಕೊಳೆ ಕುಡಿಯುತ್ತಿತ್ತು. ಹೆಸರುಗಳು ಯಾವತ್ತೋ ಕರಿ ಮೇಣದ ಕೆಳಗೆ ಮುಳುಗಿಹೋಗಿದ್ದವು.

ಕಿತ್ತ ಕಲ್ಲು ಎಲ್ಲಿಗೆ ಹೋಗುತ್ತದೆ ಅಂತ ಅಂಗೂರಿಗೆ ಗೊತ್ತಿತ್ತು. ಹಿಂದಿನ ಗಲ್ಲಿಯ ಒಂದು ಮಂದಿರದವರು ಹೊಸ ನೆಲ ಹಾಕಿಸಿದ್ದರು. ಅಲ್ಲಿಯ ಕಲ್ಲು ಕೆಲವು ಚರಂಡಿಯ ಮುಚ್ಚಳವಾದವು. ಒಂದನ್ನು ಕಚೋರಿ ಅಂಗಡಿಯವನು ಎತ್ತಿಕೊಂಡು ಹೋಗಿ, ಅಂಗಡಿಯ ಹಿಂದೆ ಗಂಡಸರು ಉಚ್ಚೆಗೆ ನಿಲ್ಲುವ ಕಡೆ ಹಾಸಿದ್ದ, ಹೆಸರು ಮೇಲಾಗಿ. ಅಕ್ಷರದ ಸಂದಿಯಲ್ಲಿ ಹಳದಿ ನಿಂತಿತ್ತು. ಅದನ್ನು ಕಂಡ ದಿನ ಅಂಗೂರಿಗೆ ಅನ್ನ ಸೇರಲಿಲ್ಲ.

ಸೇಠಾಣಿ ಹೋದ ಮೇಲೆ ಅಡಿಗೆ ಮನೆಯಲ್ಲಿ ಇದೇ ಮಾತು. ಮುನೀಮನಿಗೆ ಕಿತ್ತುಬಿಡುವ ಆತುರ. ಗೋಸಾಯಿಜಿಗೆ, ಅಂದರೆ ಕುಂಜದ ಯಜಮಾನರಿಗೆ, ದಾನ ಬರುವ ಮೊದಲೇ ಕೈಯಿಂದ ಹಾಕಲು ಜೀವ ಹೋಗುತ್ತದೆ. ಶರತ್ ಪೂರ್ಣಿಮೆ ಬೇರೆ ಹತ್ತಿರ. ಅವತ್ತು ಠಾಕೂರ್‌ಜಿ ಬಿಳಿ ಉಟ್ಟು ಬೆಳದಿಂಗಳಿಗೆ ಅಂಗಳದಲ್ಲಿ ಕೂರಬೇಕು. ಆಗ ಅಡಿಗೆಯವನು, "ಗೋವರ್ಧನದ ಧರ್ಮಶಾಲೆಗೆ ಮಾರ್ಬಲ್ಲು ಗಣಿ ಇರೋ ಮಕರಾಣೆಯಿಂದ ಒಬ್ಬಳು ಬಂದಿದ್ದಾಳೆ, ಧಾಪುಬಾಯಿ ಅಂತ. ಹಳೇ ಮಾರ್ಬಲ್ಲು ಉಜ್ಜಿ ಹೊಸದು ಮಾಡ್ತಾಳೆ. ಕೂಲಿ ಕಮ್ಮಿ. ಬಾಯಿ ಮಾತ್ರ ಚರಂಡಿ," ಅಂದ.

ಕೂಲಿ ಕಮ್ಮಿ ಅನ್ನುವುದು ಗೋಸಾಯಿಜಿಗೆ ಮಂತ್ರದ ಹಾಗೆ ಕೇಳಿಸಿತು.

ಬಂದವಳನ್ನು ನೋಡಿ ಅಂಗೂರಿಗೆ ಹೇಸಿಗೆಯೇ ಆಯಿತು. ಒಣಗಿದ ಕಟ್ಟಿಗೆಯಂಥ ಮುದುಕಿ. ಮಂಡಿಗೆ ಲಾರಿ ಟಯರಿನ ತುಂಡು ಕಟ್ಟಿಕೊಂಡಿದ್ದಳು. ಕೆಳತುಟಿಯೊಳಗೆ ಹೊಗೆಸೊಪ್ಪಿನ ಪುಡಿ. ಮಂದಿರದಲ್ಲಿ ಉಗಿಯಬಾರದು ಅಂತ ಸೊಂಟಕ್ಕೆ ಒಂದು ಮುಚ್ಚಳದ ಡಬ್ಬಿ ಕಟ್ಟಿ, ಅದರೊಳಗೆ ಉಗಿದು, ಟಪ್ ಅಂತ ಮುಚ್ಚುತ್ತಿದ್ದಳು. ಮಡಿಯೇನೋ ಹೌದು, ಆದರೆ ಆ ಡಬ್ಬಿ ತನ್ನ ಕಡೆ ವಾಲಿದಾಗೆಲ್ಲ ಅಂಗೂರಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಅವಳು ಯಾರಿಗೂ ರಾಧೇ ರಾಧೇ ಅನ್ನಲಿಲ್ಲ. ಅಂಗಳದ ನಡುವೆ ನಾಲ್ಕು ಕಾಲಲ್ಲಿ ಕೂತು, ಮೂಗನ್ನು ಕಲ್ಲಿಗೆ ತಾಗಿಸಿ ನಾಯಿಯ ಹಾಗೆ ಮೂಸಿದಳು. ಅಲ್ಲಿಂದ ಸರಿದು ಇನ್ನೊಂದು ಕಡೆ ಮೂಸಿದಳು.

"ಇಲ್ಲಿ ಹಾಲು ಹುಳಿತಿದೆ. ಇಲ್ಲಿ ಕೋತಿ ಉಚ್ಚೆ. ಇಲ್ಲಿ..." ಮತ್ತೊಮ್ಮೆ ಮೂಸಿ ಮುನೀಮನ ಕಡೆ ತಿರುಗಿದಳು. "ಇದು ತುಪ್ಪ ಅಲ್ಲ, ವನಸ್ಪತಿ. ದಾನಿಗಳ ಹತ್ರ ಹಸುವಿನ ತುಪ್ಪಕ್ಕೆ ತಗೊಂಡು ಠಾಕೂರ್‌ಜಿಗೆ ವನಸ್ಪತಿ ಹಚ್ತೀರಾ ಮುನೀಮ್‌ಜಿ?"

ಚೋಖೇಲಾಲ ಕೆಮ್ಮಿದ. "ನೆಲ ನೋಡೋಕೆ ಕರೆಸಿದ್ದು, ದೀಪ ನೋಡೋಕಲ್ಲ."

"ದೀಪ ನೆಲಕ್ಕೇ ಬಂದು ಕೂತಿದೆಯಲ್ಲ. ಥೂ." ಡಬ್ಬಿ ಟಪ್ ಅಂತು.

ತುಳಸಿ ಕಟ್ಟೆಯ ಸುತ್ತ ಮೊದಲು ಮಾಡಿ ತೋರಿಸು, ಚೆನ್ನಾಗಿ ಬಂದರೆ ಪೂರ್ತಿ ನೆಲ ನಿನ್ನದು, ಇಲ್ಲದಿದ್ದರೆ ಹಾರೆ ತರಿಸುತ್ತೇವೆ ಅಂತ ಮಾತಾಯಿತು. ನೀರು ಸೇದಿ ಕೊಡಲು ಅಂಗೂರಿಯನ್ನೇ ಬಿಟ್ಟರು.

ಧಾಪು ಮುಲ್ತಾನಿ ಮಣ್ಣಿಗೆ ಸೋಡಾ ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿದಳು. ಅದನ್ನು ಕಲ್ಲಿಗೆ ದಪ್ಪಗೆ ಮೆತ್ತಿ, ಮೇಲೆ ಒದ್ದೆ ಗೋಣಿ ಹೊದಿಸಿ ಬಿಟ್ಟಳು, ಹುಣ್ಣಿಗೆ ಪಟ್ಟು ಹಾಕುವ ಹಾಗೆ. ಮರುದಿನ ಬೆಳಿಗ್ಗೆ ಗೋಣಿ ಎತ್ತಿದಾಗ ಬಂದ ನಾತಕ್ಕೆ ಬೇವಿನ ಮರದ ಕೋತಿಗಳೂ ಆಚೆ ಮಾಳಿಗೆಗೆ ಹಾರಿದವು. ಮಣ್ಣು ಕಲ್ಲಿನೊಳಗಿನ ಜಿಡ್ಡನ್ನೆಲ್ಲ ಹೀರಿ ಕೀವಿನ ಬಣ್ಣಕ್ಕೆ ತಿರುಗಿತ್ತು. ಅಂಗೂರಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಮೂಗು ಯಾಕೆ ಮುಚ್ಕೋತೀಯ ಜೀಜಿ?" ಅಂದಳು ಧಾಪು. ವಯಸ್ಸಿನಲ್ಲಿ ತಾನೇ ದೊಡ್ಡವಳಾದರೂ ಅಂಗೂರಿಯನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು. "ಇದು ನಿಮ್ಮೂರಿನ ಭಕ್ತಿ. ಚೆನ್ನಾಗಿ ಮೂಸು."

"ನಿನಗೆ ಅಸಹ್ಯ ಆಗಲ್ವಾ ಬಾಯಿ?"

"ಆಗುತ್ತೆ. ಅದಕ್ಕೇ ತೆಗೀತೀನಿ. ಆಗದೆ ಇರೋರು ಅದರ ಮೇಲೇ ಮಂಡಿಯೂರಿ ಕಣ್ಣು ಮುಚ್ತಾರೆ."

ಮಣ್ಣು ಹೀರುವಷ್ಟು ಹೊತ್ತು ಕಾಯಬೇಕಲ್ಲ, ಆಗ ಅವಳ ಕತೆ ಚೂರು ಚೂರಾಗಿ ಹೊರಬಿತ್ತು. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳು. ಕನ್ನಡದ ಕಡೆ ಸಾಕಮ್ಮ ಅಂತ ಇಡುವ ಹಾಗೆ, ಇನ್ನು ಹೊಟ್ಟೆ ತುಂಬಿತು ತಾಯಿ ಅಂತ ಧಾಪು ಅಂದರು. ಗಂಡ ಮಕರಾಣೆಯ ಗಣಿಯಲ್ಲಿ ಕಲ್ಲಿನ ಕೆಳಗೆ ಹೋದ. ಅವನ ಸಾಣೆಕಲ್ಲುಗಳು ಮನೆಯಲ್ಲಿ ಉಳಿದಿದ್ದವು. ಮೈದುನ ಬಂದು ಅವನ್ನು ಕೇಳಿದ, ಜೊತೆಗೆ ಇವಳನ್ನೂ ಕೇಳಿದ. ಇವಳು ಸಾಣೆಕಲ್ಲು ಗಂಟು ಕಟ್ಟಿಕೊಂಡು ಅಜಮೇರಿನ ಬಸ್ಸು ಹತ್ತಿದಳು. ಅಲ್ಲಿಂದಾಚೆ ಯಾರ್ಯಾರದೋ ಹವೇಲಿ, ಧರ್ಮಶಾಲೆ, ಆಸ್ಪತ್ರೆ. ಊರೆಲ್ಲ ಅಮೃತಶಿಲೆ ಬೆಳಗಿಸಿದವಳ ಸ್ವಂತ ಗುಡಿಸಲಿಗೆ ಸಗಣಿ ನೆಲ.

"ಸಗಣಿ ಒಳ್ಳೇದು," ಅನ್ನುತ್ತಿದ್ದಳು. "ಹಳೇದಾದ್ರೆ ಮೇಲೆ ಇನ್ನೊಂದು ಸಾರಿಸ್ತೀವಿ. ಈ ಸಾಹುಕಾರರು ನೋಡು, ಮುಖ ತೊಳೆಯೋಕೆ ಸೋಮಾರಿಗಳು, ತಲೆನೇ ಬದಲಾಯಿಸೋಣ ಅಂತಾರೆ."

ಆಮೇಲೆ ಉಜ್ಜುವುದು. ಮೊದಲು ತರಿತರಿ ಸಾಣೆಕಲ್ಲು, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಅಂಗೂರಿ ನೀರು ಬಿಡುವುದು, ಧಾಪು ಇಡೀ ಮೈಯ ಭಾರ ಅಂಗೈಗೆ ತಂದು ತಿರುಗಿಸುವುದು. ಮೊದಲು ಬಂದ ನೀರು ಮೋರಿಯ ಹಾಗೆ, ಆಮೇಲೆ ಗಂಜಿಯ ಹಾಗೆ, ಕೊನೆಗೆ ಮಜ್ಜಿಗೆಯ ಹಾಗೆ. ಅದು ಹರಿದುಹೋದ ಮೇಲೆ ಕಲ್ಲು ಕೆನೆ ಬಣ್ಣಕ್ಕೆ ಮೇಲೆ ಬಂತು, ಅದರ ಮೇಲೆ ಹೆಸರುಗಳೂ ಬಂದವು. ಅಕ್ಷರಗಳಿಗೆ ತುಂಬಿದ್ದ ಅರಗು ಉದುರಿ ಯಾವ ಕಾಲವಾಗಿತ್ತೋ; ಸಂದಿಯಲ್ಲಿ ಉಳಿದ ಕೊಳೆಯಿಂದಲೇ ಅವು ಕಪ್ಪಗೆ ಕಾಣುತ್ತಿದ್ದವು. ಅಂಗೂರಿ ಬೇವಿನ ಕಡ್ಡಿಯಿಂದ ಅದನ್ನೂ ಕೀಳಲು ಹೋದಾಗ ಧಾಪು ಕೈಗೆ ಒಂದು ಏಟು ಹಾಕಿದಳು. "ಅದನ್ನ ಬಿಡು. ಅದೇ ಈಗ ಅವರಿಗೆ ಮಸಿ."

ತೋತಾರಾಮನ ಕಲ್ಲೊಂದನ್ನು ಮಾತ್ರ ಅವಳು ಉಜ್ಜಲಿಲ್ಲ. ಬೆರಳಾಡಿಸಿ ನೋಡಿ ಮುಖ ಸಿಂಡರಿಸಿದಳು. "ಯಾವ ಅಯೋಗ್ಯ ಕೆತ್ತಿದ್ದು ಇದನ್ನ? ಉಗುರಲ್ಲಿ ಗೀಚಿದ ಹಾಗಿದೆ. ಉಜ್ಜಿದ್ರೆ ಹೆಸರೂ ಹೋಗುತ್ತೆ. ಉಜ್ಜದೆ ಇದ್ರೂ ಇನ್ನೆರಡು ಹೋಳಿ ತಡೆಯಲ್ಲ."

"ಅದು ನನ್ನ ಮನೆಯವರದು," ಅಂದಳು ಅಂಗೂರಿ.

ಧಾಪು ಸಾಣೆಕಲ್ಲು ಎತ್ತಿಕೊಂಡು ಪಕ್ಕದ ಕಲ್ಲಿಗೆ ಸರಿದಳು.

ಮಧ್ಯಾಹ್ನ ಕೀರ್ತನೆಗೆ ಬರುವ ಹೆಂಗಸರೆಲ್ಲ ಬಗ್ಗಿ ಬಗ್ಗಿ ಹೆಸರು ನೋಡತೊಡಗಿದರು. ಯಾರೋ ಮಥುರೆಗೆ ಹೇಳಿಕಳಿಸಿ ತಮ್ಮ ಅಜ್ಜಿಯ ಕಲ್ಲು ಸಿಕ್ಕಿತು ಅಂತ ಮೊಮ್ಮಗಳನ್ನೂ ಕರೆಸಿದರು. ಅದನ್ನು ಕಂಡು ಚೋಖೇಲಾಲನ ಮುಖ ಇಳಿಯಿತು. ಸಂಜೆ ಧಾಪುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, "ಕೆಲಸ ಭಾರಿ ಚೆನ್ನಾಗಿದೆ ಬಾಯಿ. ಆದರೆ ಹೊಳಪು ಸಾಲದು. ಇನ್ನೂ ನಾಲ್ಕು ಕೈ ಜಾಸ್ತಿ ಉಜ್ಜು, ಕನ್ನಡಿ ಆಗಲಿ."

"ಹೆಸರು ಹೋಗುತ್ತೆ."

"ಹೋದ್ರೆ ಹೋಗಲಿ. ಕಿತ್ತು ಹಾಸೋ ಖರ್ಚು ಉಳೀತು. ಅದೇ ಕಲ್ಲು, ಹೊಸ ಹೆಸರು."

ಅಂಗೂರಿಯ ಕೈಯ ಚೊಂಬು ಅಲ್ಲೇ ನಿಂತಿತು. ಧಾಪು ತುಟಿಯೊಳಗಿದ್ದದ್ದನ್ನೆಲ್ಲ ಡಬ್ಬಿಗೆ ಉಗಿದು, ಅಂಗೈಯಿಂದ ಬಾಯಿ ಒರೆಸಿಕೊಂಡಳು.

"ಹೆಣದ ಮೇಲಿನ ಬಟ್ಟೆ ಎಳೆದು ಮದುಮಗನಿಗೆ ಹೊದಿಸೋ ಕೆಲಸ ಇದು. ನನ್ನ ಕೈ ಕೋತಿ ಹೇಲಲ್ಲಿ ಆಡಿದೆ ಮುನೀಮ್‌ಜಿ, ಇದರಲ್ಲಿ ಆಡಲ್ಲ."

"ಹಾಗಾದ್ರೆ ನಾಳೆ ಬೆಳಿಗ್ಗೆ ಹಾರೆ ಬರುತ್ತೆ. ಸೇಠಾಣಿಯವರೂ ಬರ್ತಾರೆ. ನೀನು ಗಂಟು ಕಟ್ಟು."

ಮರುದಿನ ಅಂಗೂರಿ ಬೆಳಕು ಹರಿಯುವ ಮೊದಲೇ ಬಂದು ಬಾಗಿಲಲ್ಲಿ ಕೂತಿದ್ದಳು. ಧಾಪು ಗಂಟು ಕಟ್ಟುವುದನ್ನು ನೋಡುತ್ತಾ, "ಬಾಯಿ, ಹೋಗೋ ಮೊದಲು ನನ್ನ ಕಲ್ಲೊಂದನ್ನ ಎಬ್ಬಿಸಿಕೊಡು. ಉರುಳಿಸಿಕೊಂಡಾದ್ರೂ ಮನೆಗೆ ಒಯ್ತೀನಿ. ಅವರು ಕಿತ್ತರೆ ಅದು ಕಚೋರಿ ಅಂಗಡಿ ಹಿಂದೆ ಹೋಗುತ್ತೆ," ಅಂದಳು.

ಧಾಪು ಕಲ್ಲಿನ ಮೇಲೆ ಉಳಿಯ ಹಿಡಿಯಿಂದ ಬಡಿದು ಕಿವಿಗೊಟ್ಟಳು. ಪಕ್ಕದ್ದನ್ನು ಬಡಿದಳು. ಮತ್ತೆ ಇದನ್ನು ಬಡಿದಳು. "ಪೊಳ್ಳು. ಇದನ್ನ ಯಾರೋ ಹಿಂದೆ ಒಂದ್ಸಲ ಎತ್ತಿ ಕೂರಿಸಿದ್ದಾರೆ."

ಸಂದಿಗೆ ಉಳಿ ಇಟ್ಟು ಮೀಟಿ ಇಬ್ಬರೂ ಸೇರಿ ಎತ್ತುವ ಹೊತ್ತಿಗೆ ಸೇಠಾಣಿ ಸೊಸೆಯ ಜೊತೆ ಬಂದಾಗಿತ್ತು. ಗೋಸಾಯಿಜಿ ಗದ್ದಿಗೆಯ ಮೇಲೆ ಮಾಲೆ ಹಿಡಿದು ಕೂತಿದ್ದರು. ಹಾರೆಯವರು ಬೀಡಿ ಆರಿಸುತ್ತಾ ಮೆಟ್ಟಿಲಲ್ಲಿದ್ದರು. ಕಲ್ಲು ಮಗುಚಿಕೊಂಡು ಬಂತು. ಕೆಳಗಿನ ಒದ್ದೆ ಮರಳಿನಲ್ಲಿ ಜರಿಗಳು ಹರಿದಾಡಿದವು. ಕಲ್ಲಿನ ಬೆನ್ನಿಗೆ ಕೆಸರು ಕಟ್ಟಿತ್ತು. ಅಂಗೂರಿ ಅಭ್ಯಾಸ ಬಲದಿಂದ ಒಂದು ಚೊಂಬು ನೀರು ಹೊಯ್ದು ಒರೆಸಿದಳು.

ಬೆನ್ನ ಮೇಲೂ ಅಕ್ಷರ. ತೋತಾರಾಮನ ಅಕ್ಷರದಂತಲ್ಲ, ಬೆರಳಿನ ತುದಿ ಇಳಿಯುವಷ್ಟು ಆಳ, ದುಂಡಗೆ, ಅರಗು ಕೂಡ ಹಾಗೇ ಇತ್ತು.

ಅಂಗೂರಿಗೆ ಗಂಡನ ಹೆಸರಿನ ಆಕಾರ ಬಿಟ್ಟು ಬೇರೆ ಓದು ಬರದು. ಧಾಪುವಿಗೆ ಅಷ್ಟೂ ಇಲ್ಲ. ಸೇಠಾಣಿಯ ಸೊಸೆ ಬಗ್ಗಿ ಓದಿದಳು, "ರೇವಾಡಿಯ ಫೂಲ್‌ಸಿಂಹ, ಸ್ವರ್ಗವಾಸಿ. ಕಲ್ಲು ಕೊಟ್ಟವಳು ತಾಯಿ ರುಕ್ಮಿ."

ಅಂಗೂರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೋ ಉಂಡ ಎಂಜಲೆಲೆಯನ್ನು ಮಗುಚಿ ಹಾಕಿ ಅವಳ ಗಂಡನಿಗೆ ಬಡಿಸಿದ್ದರು. ಅದಕ್ಕೆ ಅವಳು ಕೈಯೆತ್ತಿ ಮುಗಿದಿದ್ದಳು, ಕಡಗ ಬಿಚ್ಚಿ ಕೊಟ್ಟಿದ್ದಳು.

"ಆಗೆಲ್ಲ ಕಲ್ಲಿಗೆ ಅಭಾವ ಇತ್ತು ಮಾತಾಜಿ," ಅಂದ ಚೋಖೇಲಾಲ. "ನಮ್ಮ ಅಪ್ಪ ಮುನೀಮರಾಗಿದ್ದ ಕಾಲದ ಮಾತು."

"ಅಪ್ಪನ ಕಾಲದಲ್ಲಿ ಮಗುಚೋದು, ಮಗನ ಕಾಲದಲ್ಲಿ ಉಜ್ಜಿ ಅಳಿಸೋದು," ಅಂದಳು ಧಾಪು. "ಮನೆತನದ ಕಸುಬು."

ಸೇಠಾಣಿ ಗೋಸಾಯಿಜಿಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಮಾಲೆ ಎಣಿಸುತ್ತಿದ್ದರು.

"ನಮ್ಮ ಮಾವನವರನ್ನ ಎಷ್ಟು ವರ್ಷ ಬಿಟ್ಟು ಮಗುಚ್ತೀರಿ ಮಹಾರಾಜ್? ರೊಟ್ಟಿ ಒಂದು ಕಡೆ ಬೆಂದ ಮೇಲೇನಾ?"

ಜಪ ನಡೆದೇ ಇತ್ತು. ಸೇಠಾಣಿ ಸೊಸೆಯ ಕೈ ಹಿಡಿದು ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಮೊದಲು ಅಂಗಾಲನ್ನು ಕಂಬಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ತುಂಬ ಇದೇ ಸುದ್ದಿ. ಕಚೋರಿ ಅಂಗಡಿಯವನು ಕಚೋರಿ ಮಗುಚುವಾಗೆಲ್ಲ "ಫೂಲ್‌ಸಿಂಹ ಕೆಳಗೆ, ತೋತಾರಾಮ ಮೇಲೆ" ಅಂತ ಹಾಡುತ್ತಿದ್ದನಂತೆ. ಸಂಜೆ ಗೋಸಾಯಿಜಿ ಕಣ್ಣು ಬಿಟ್ಟು ಹೇಳಿದ್ದು ಇಷ್ಟೆ: "ಹಾರೆಯವರನ್ನ ಕಳಿಸು. ಇನ್ನು ಮೇಲೆ ಈ ಅಂಗಳದಲ್ಲಿ ಯಾರೂ ಒಂದು ಕಲ್ಲನ್ನೂ ಎತ್ತಕೂಡದು."

ಅಂಗಳ ಉಳಿಯಿತು. ಸತ್ತವರ ಮೇಲಿನ ಮರ್ಯಾದೆಯಿಂದ ಅಲ್ಲ. ಇನ್ನೆಷ್ಟು ಕಲ್ಲಿನ ಬೆನ್ನಲ್ಲಿ ಇನ್ನೆಷ್ಟು ಹೆಸರು ಹೊರಗೆ ಬಿದ್ದಾವೋ ಅನ್ನುವ ಭಯದಿಂದ. ಅಂಗೂರಿಗೆ ಅದನ್ನು ನೆನೆದರೆ ಸಮಾಧಾನಕ್ಕಿಂತ ಹೇಸಿಗೆಯೇ ಹೆಚ್ಚು. ಆದರೂ ಉಳಿಯಿತು. ಹೊಸ ನೆಲದ ಮಾತು ಬಿಟ್ಟ ಮೇಲೆ ಹಬ್ಬಕ್ಕೆ ಹಳೆಯದೇ ಗತಿಯಾಯಿತು, ಧಾಪುವನ್ನೇ ಮುಂದುವರಿಸು ಅಂದರು. ಅವಳು ಪೂರ್ಣಿಮೆಯ ಮುಂಚೆ ಇಡೀ ಅಂಗಳಕ್ಕೆ ಮಣ್ಣು ಮೆತ್ತಿ, ಉಜ್ಜಿ, ಗಟ್ಟಿ ಮೊಸರಿನ ಬಣ್ಣಕ್ಕೆ ತಂದಳು. ಕನ್ನಡಿ ಮಾಡಲಿಲ್ಲ.

ಅಷ್ಟು ದಿನವೂ ಆ ಕಲ್ಲು ತುಳಸಿ ಕಟ್ಟೆಗೆ ಒರಗಿಕೊಂಡಿತ್ತು. ಮುನೀಮ ಬಂದಾಗೆಲ್ಲ, "ಆ ದರಿದ್ರವನ್ನ ಎತ್ತಿ ಹಾಕಿ, ಇಲ್ಲ ಹೂತು ಹಾಕಿ," ಅನ್ನುತ್ತಿದ್ದ. ಯಾವ ಮಗ್ಗುಲು ಮೇಲೆ ಅಂತ ಅಂಗೂರಿಗೆ ತೀರ್ಮಾನವಾಗುತ್ತಿರಲಿಲ್ಲ. ಮನೆಗೆ ಒಯ್ದರೆ ರೇವಾಡಿಯ ತಾಯಿಯ ಮಗನನ್ನೂ ಕದ್ದ ಹಾಗೆ. ಗಂಡನನ್ನು ಮೇಲೆ ಹಾಕಿದರೆ ಆ ಹುಡುಗ ಮತ್ತೆ ಜರಿಗಳ ಪಾಲು. ಕೆಳಗೆ ಹಾಕಿದರೆ?

"ಕೆಳಗೆ ಹಾಕಿದ್ರೆ ಭಕ್ತರ ಪಾದಧೂಳಿ ಸಿಗಲ್ಲ ಅವರಿಗೆ," ಅಂದಳು ಒಂದು ದಿನ.

ಧಾಪು ಉಜ್ಜುವುದನ್ನು ನಿಲ್ಲಿಸದೆ ನಕ್ಕಳು. "ಜೀಜಿ, ನಾನು ವಯಸ್ಸೆಲ್ಲ ಆ ಧೂಳಿ ಉಜ್ಜಿ ಮೋರಿಗೆ ಬಿಟ್ಟವಳು. ಅದು ಪುಣ್ಯವೇ ಆಗಿದ್ರೆ ನಾನೆಷ್ಟು ಜನರ ಪುಣ್ಯ ಕದ್ದಿರಬೇಕು. ಯಮ ನನ್ನನ್ನ ಬಾಗಿಲಲ್ಲೇ ಹಿಡೀತಾನೆ."

ಆ ರಾತ್ರಿ ಅಂಗೂರಿ ಎದ್ದು ಕೂತು, ಮಲಗಿ, ಎದ್ದು ಕೂತು ಕೊನೆಗೆ ತೀರ್ಮಾನ ಮಾಡಿದಳು.

ಧಾಪುಬಾಯಿ ಆ ಚಳಿಗಾಲ ದಾಟಲಿಲ್ಲ. ಎದೆಯೊಳಗೆ ಕಲ್ಲಿನ ಧೂಳು ಕಟ್ಟಿಕೊಂಡು ಮಕರಾಣೆಯಲ್ಲಿ ತೀರಿಹೋದಳು ಅಂತ ಗೋವರ್ಧನದ ಧರ್ಮಶಾಲೆಯವರು ಬಂದು ಹೇಳಿದರು. ಅಂಗೂರಿ ಅವಳನ್ನು ಕೊನೆಗೆ ಕಂಡದ್ದು ಕಲ್ಲು ಕೂರಿಸಿದ ಬೆಳಿಗ್ಗೆಯೇ.

ಅವತ್ತು ಧಾಪು ಹಳೆಯ ಮರಳು ಕೆರೆದು ತೆಗೆದು, ಜರಿಗಳನ್ನು ಕಡ್ಡಿಯಿಂದ ಆಚೆ ಹಾಕಿ, ಸುಣ್ಣದ ಗಾರೆ ಹರಡಿದ್ದಳು. "ಯಾವುದು ಮೇಲೆ?" ಅಂದಳು.

"ಆ ತಾಯಿಯ ಮಗ ಮೇಲಿರಲಿ. ಅವಳು ಆಳವಾಗಿ ಕೆತ್ತಿಸಿದ್ದಾಳೆ, ತಡ್ಕೊಳ್ಳುತ್ತೆ. ನಮ್ಮವರ ಅಕ್ಷರಕ್ಕೆ ತ್ರಾಣ ಇಲ್ಲ ಅಂತ ನೀನೇ ಹೇಳಿದೆ. ಕೆಳಗಿದ್ರೆ ಯಾರ ಕಾಲೂ ತಾಗಲ್ಲ, ಮುನೀಮನ ತೇಜಾಬೂ ತಾಗಲ್ಲ."

ಧಾಪು ತಲೆ ಎತ್ತಿ ಅವಳನ್ನೇ ನೋಡಿದಳು. ಅವಳ ಮುಖದಲ್ಲಿ ಅಸಹ್ಯವಿಲ್ಲದೆ ಅಂಗೂರಿ ಕಂಡದ್ದು ಅದೊಂದೇ ಸಲ. ಇಬ್ಬರೂ ಎರಡು ಕಡೆ ಹಿಡಿದರು. ಅಂಗೂರಿ ಗಂಡನ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದಳು, ಆಮೇಲೆ ಕಲ್ಲನ್ನು ಗಾರೆಯ ಮೇಲೆ ಮೆಲ್ಲಗೆ ಬೋರಲು ಇಳಿಸಿದರು. ಧಾಪು ಕಟ್ಟಿಗೆಯ ಸುತ್ತಿಗೆಯಿಂದ ನಾಲ್ಕು ಮೂಲೆಗೂ ತಟ್ಟಿದಳು. ಫೂಲ್‌ಸಿಂಹನ ಹೆಸರನ್ನು ಒದ್ದೆ ಗೋಣಿಯಿಂದ ಒರೆಸಿದಳು. ಹೊರಗೆ ಟಾಂಗಾದವನು ಕೂಗುತ್ತಿದ್ದ. ಗಂಟು ಆಗಲೇ ಅದರೊಳಗೆ ಹೋಗಿತ್ತು.

ಅಂಗೂರಿ ಪಕ್ಕಕ್ಕೆ ಸರಿದು ನಿಂತಳು. ಒರೆಸುವಾಗಲೂ ಕೈ ಚಾಚಿ ಒರೆಸುತ್ತಿದ್ದಳೇ ಹೊರತು ಆ ಕಲ್ಲಿನ ಮೇಲೆ ಅವಳು ಕಾಲಿಟ್ಟದ್ದಿಲ್ಲ. ಊರವರೆಲ್ಲ ತುಳಿಯಲಿ ಅಂತ ಹಾಕಿಸಿದ್ದು ನಿಜ, ಹೆಂಡತಿ ತುಳಿಯುವುದುಂಟೇ?

ಧಾಪು ಮಂಡಿಯ ಟಯರು ಬಿಚ್ಚುತ್ತಾ ಮುಖ ಗಂಟಿಕ್ಕಿದಳು.

"ಕಲ್ಲು ಕೂತಿದೆಯೋ ಇಲ್ಲವೋ ಕೈಗೆ ಗೊತ್ತಾಗಲ್ಲ ಜೀಜಿ, ಮೈಭಾರ ಬೇಕು. ನನ್ನ ಮೈಯಲ್ಲಿ ಏನೂ ಉಳಿದಿಲ್ಲ. ನೀನು ಹತ್ತು. ಎರಡೂ ಕಾಲು ಇಟ್ಟು, ನಾನು ಸಾಕು ಅನ್ನೋ ತನಕ ನಿಂತಿರು."